ಮನೆಯಲ್ಲಿ ಮೊದಲ ರಾಸ್ಪ್‌ಬೆರಿ ಪೈ: ಯಾವುದು ಬೇಕು, ಹೇಗೆ ಶುರು ಮಾಡುವುದು, ಎಲ್ಲಿ ಕೈಕೊಡುತ್ತದೆ

ಬೆಸುಗೆ

ಒಂದೇ ಬೋರ್ಡಿನ ಕಂಪ್ಯೂಟರ್ ತಂದು ಮನೆಯಲ್ಲಿ ಹೊಸದಾಗಿ ಶುರು ಮಾಡುವವರಿಗಾಗಿ ಈ ಚರ್ಚೆಯ ಎಳೆ (ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು). ರಾಸ್ಪ್‌ಬೆರಿ ಪೈಯನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಆರೆಂಜ್ ಪೈ, ರಾಡ್ಸಾ ಬೋರ್ಡುಗಳು ಕಾಗದದ ಮೇಲೆ ಹೆಚ್ಚು ಶಕ್ತಿಯವು ಅನಿಸಬಹುದು. ಆದರೆ ಮೊದಲ ಬೋರ್ಡಿಗೆ ಮುಖ್ಯವಾದದ್ದು ತಂತ್ರಾಂಶದ ಬೆಂಬಲ. 2012ರ ಫೆಬ್ರವರಿ 29ರಂದು ಬಂದ ಮೊದಲ ಪೈಗೂ ಇವತ್ತಿಗೂ ಹೊಂದುವ ಆಪರೇಟಿಂಗ್ ಸಿಸ್ಟಮ್ ಸಿಗುತ್ತದೆ. ಬೇರೆ ಎಷ್ಟೋ ಬೋರ್ಡುಗಳು ಒಂದೇ ಹಳೆಯ ಕರ್ನಲ್‌ಗೆ (ಸಿಸ್ಟಮ್ಮಿನ ತಿರುಳಿಗೆ) ಅಂಟಿಕೊಂಡು ಉಳಿದುಬಿಡುತ್ತವೆ.

ಯಾವ ಬೋರ್ಡು ಅನ್ನುವುದು ಅದರಿಂದ ಏನು ಮಾಡಿಸುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಸದಾ ಚಾಲೂ ಇರುವ ಒಂದು ಸಣ್ಣ ಕೆಲಸಕ್ಕೆ, ಅಂದರೆ ಜಾಹೀರಾತು ತಡೆಯಲೋ ತಾಪಮಾನ ಬರೆದಿಡಲೋ, ಪೈ ಝೀರೋ 2 ಡಬ್ಲ್ಯೂ ಸಾಕು. ಅದರಲ್ಲಿ 512 ಎಂಬಿ ರ‍್ಯಾಮ್, ನಾಲ್ಕು ಕೋರ್. ವೈಫೈ 2.4 ಗಿಗಾಹರ್ಟ್ಸ್ ಮಾತ್ರ. ಮಾನಿಟರ್ ಹಚ್ಚಿ ಬ್ರೌಸರ್ ತೆರೆಯಬೇಕೆಂದಿದ್ದರೆ ಅದನ್ನು ಕೊಳ್ಳಬೇಡಿ, ಎರಡು ಟ್ಯಾಬ್ ತೆರೆಯುವಷ್ಟರಲ್ಲಿ ಉಸಿರು ಕಟ್ಟುತ್ತದೆ. ಫೈಲ್ ಸರ್ವರ್, ಕಲಿಕೆ, ಸೆನ್ಸರ್, ಹಗುರ ಡೆಸ್ಕ್‌ಟಾಪ್ ಎಲ್ಲವೂ ಬೇಕೆಂದರೆ 2019ರ ಪೈ 4, ಕನಿಷ್ಠ 2 ಜಿಬಿಯದು. ಡೆಸ್ಕ್‌ಟಾಪನ್ನೇ ದಿನವೂ ಬಳಸುವುದಾದರೆ 2023ರ ಪೈ 5, 4 ಜಿಬಿ ಅಥವಾ ಅದಕ್ಕಿಂತ ಮೇಲಿನದು.

ರಾಸ್ಪ್‌ಬೆರಿ ಪೈ ಪೈಕೋ ಅನ್ನುವುದು ಈ ಸಾಲಿನದಲ್ಲ. ಅದು ಮೈಕ್ರೋಕಂಟ್ರೋಲರ್, ಅಂದರೆ ಸಾಧನಗಳನ್ನು ನಿಯಂತ್ರಿಸುವ ಪುಟ್ಟ ಚಿಪ್. ಅದರ ಮೇಲೆ ಲಿನಕ್ಸ್ ಓಡುವುದಿಲ್ಲ, ಮಾನಿಟರ್ ಜಾಕ್ ಇಲ್ಲ. ಹೆಸರು ನೋಡಿ ಅದನ್ನೇ ತಂದುಕೊಳ್ಳುವವರು ಬಹಳ ಮಂದಿ.

ಬೋರ್ಡಿನ ಜೊತೆ ಬೇಕಾದವು: ಸರಿಯಾದ ಪವರ್ ಅಡಾಪ್ಟರ್, 32 ಜಿಬಿಯ ಮೈಕ್ರೋ ಎಸ್‌ಡಿ ಕಾರ್ಡು, ಕಾರ್ಡ್ ರೀಡರ್. ಮಾನಿಟರ್ ಬಳಸುವುದಾದರೆ ಪೈ 4 ಮತ್ತು 5ಕ್ಕೆ ಮೈಕ್ರೋ ಎಚ್‌ಡಿಎಂಐ ಕೇಬಲ್, ಝೀರೋಗೆ ಮಿನಿ ಎಚ್‌ಡಿಎಂಐ. ಎರಡೂ ಬೇರೆ ಬೇರೆ, ಒಂದು ಇನ್ನೊಂದಕ್ಕೆ ಕೂರುವುದಿಲ್ಲ.

"ಪೈ ಕೆಟ್ಟಿದೆ" ಎಂದು ಬರುವ ದೂರುಗಳಲ್ಲಿ ಬೋರ್ಡೇ ಕೆಟ್ಟಿರುವುದು ಅಪರೂಪ. ವಿದ್ಯುತ್ತು ಅಥವಾ ಕಾರ್ಡು, ಇವೆರಡರಲ್ಲೇ ಒಂದು ತಪ್ಪಿರುತ್ತದೆ. ಈ ಎರಡನ್ನು ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಮಿಣುಕುದೀಪ

ಪೈ 4ಕ್ಕೆ ಮೊಬೈಲ್ ಚಾರ್ಜರ್ ಹಾಕಬಹುದೇ? 5 ವೋಲ್ಟ್ 3 ಆಂಪ್ ಎಂದೇ ಬರೆದಿದೆ. ಅದಕ್ಕೆ ಯುಎಸ್‌ಬಿ ಹಾರ್ಡ್‌ಡಿಸ್ಕ್ ಹಚ್ಚಿದರೆ ಸ್ವಲ್ಪ ಹೊತ್ತಿಗೆ ಡಿಸ್ಕ್ ಮಾಯವಾಗುತ್ತದೆ. ಕೆಲವು ಸಲ ಬೋರ್ಡೇ ರೀಸ್ಟಾರ್ಟ್ ಆಗುತ್ತದೆ.

ತಾಮ್ರತಂತಿ

ಮಿಣುಕುದೀಪ ಅವರೇ, ಚಾರ್ಜರ್ ಮೇಲೆ ಬರೆದಿರುವುದು ಚಾರ್ಜರ್ ಬಾಯಲ್ಲಿ ಸಿಗುವ ವೋಲ್ಟೇಜ್. ಪೈಗೆ ಲೆಕ್ಕ ಬರುವುದು ಕೇಬಲ್ಲಿನ ಆಚೆ ತುದಿಯಲ್ಲಿ ಸಿಗುವುದು. ತೆಳು ತಂತಿಯ ಕೇಬಲ್ಲಿನಲ್ಲಿ ಹೋಗಿ ಬರುವ ದಾರಿ ಸೇರಿ 0.2 ಓಮ್ ರೋಧ ಇದೆ ಎನ್ನಿ. 2.5 ಆಂಪ್ ಹರಿದರೆ ಅಲ್ಲೇ 0.5 ವೋಲ್ಟ್ ಬಿದ್ದುಹೋಯಿತು, ಬೋರ್ಡಿಗೆ ತಲುಪಿದ್ದು 4.5. ಸುಮಾರು 4.63 ವೋಲ್ಟಿಗಿಂತ ಕೆಳಗಿಳಿದರೆ ಪೈ ತಾನೇ ಎಚ್ಚರಿಕೆ ಕೊಡುತ್ತದೆ. ಡೆಸ್ಕ್‌ಟಾಪಿನಲ್ಲಿ ಮಿಂಚಿನ ಗುರುತು ಕಾಣುತ್ತದೆ, ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಪೈಯವರದೇ ಅಡಾಪ್ಟರ್ 5.1 ವೋಲ್ಟ್ ಕೊಡುವುದೂ ಅದರ ಕೇಬಲ್ ದಪ್ಪಗಿದ್ದು ಅಡಾಪ್ಟರಿಗೇ ಅಂಟಿಕೊಂಡಿರುವುದೂ ಈ ಕಾರಣಕ್ಕೇ.

ಊಹೆ ಬೇಡ, ಬೋರ್ಡನ್ನೇ ಕೇಳಿ. ಟರ್ಮಿನಲ್ಲಿನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್ (vcgencmd get_throttled) ಎಂದು ಕೊಡಿ. ಬರುವ ಉತ್ತರ ಹೀಗೆ ಓದಿಕೊಳ್ಳಿ:

0ಎಕ್ಸ್0 ಬಂದರೆ ಎಲ್ಲ ಸರಿ.
0ಎಕ್ಸ್50000 ಬಂದರೆ, ಬೂಟ್ ಆದಮೇಲೆ (ಪೈ ಶುರುವಾದಮೇಲೆ) ಯಾವಾಗಲೋ ವೋಲ್ಟೇಜ್ ಬಿದ್ದಿತ್ತು, ಆಗ ವೇಗ ಇಳಿದಿತ್ತು, ಈಗ ಸರಿಯಿದೆ.
0ಎಕ್ಸ್50005 ಬಂದರೆ ಈ ಕ್ಷಣದಲ್ಲೂ ವೋಲ್ಟೇಜ್ ಕಡಿಮೆಯೇ.

ಕೊನೆಯ ಅಂಕಿ ಈಗಿನ ಸ್ಥಿತಿ, ಎಡಬದಿಯ ಅಂಕಿ ಹಿಂದೆ ಆಗಿದ್ದರ ನೆನಪು. ಆ ನೆನಪು ರೀಬೂಟ್ ಮಾಡಿದರೆ ಮಾತ್ರ ಅಳಿಯುತ್ತದೆ. ಕೇಬಲ್ ಬದಲಿಸಿದ ಮೇಲೂ 50000 ಕಂಡರೆ ಗಾಬರಿ ಬೇಡ, ಒಮ್ಮೆ ರೀಬೂಟ್ ಮಾಡಿ ಮತ್ತೆ ನೋಡಿ.

ಡಿಸ್ಕ್ ಮಾಯವಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟುಗಳು ಸೇರಿ ಕೊಡುವುದು 1.2 ಆಂಪ್ ಮಾತ್ರ. ಎರಡೂವರೆ ಇಂಚಿನ ಹಾರ್ಡ್‌ಡಿಸ್ಕ್ ತಿರುಗಲು ಶುರುವಾಗುವಾಗ ಒಂದು ಆಂಪ್‌ವರೆಗೂ ಎಳೆಯಬಹುದು. ಕೀಬೋರ್ಡು, ಮೌಸು, ಡಿಸ್ಕ್ ಮೂರೂ ಇದ್ದರೆ ಅಂಚಿಗೆ ಬಂದಂತೆಯೇ. ತನ್ನದೇ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಹಾಕಿ ಡಿಸ್ಕನ್ನು ಅದಕ್ಕೆ ಹಚ್ಚಿ.

ಬೆಸುಗೆ

ಪೈ 5 ಕೊಳ್ಳುವವರಿಗೆ ಒಂದು ಮಾತು ಸೇರಿಸುತ್ತೇನೆ. ಅದು ಕೇಳುವುದು 5 ವೋಲ್ಟ್ 5 ಆಂಪ್. 65 ವಾಟಿನ ಲ್ಯಾಪ್‌ಟಾಪ್ ಚಾರ್ಜರ್ ಇದೆ, ಧಾರಾಳವಾಯಿತು ಎಂದುಕೊಳ್ಳಬೇಡಿ. ಅವು ದೊಡ್ಡ ವಾಟ್ ಕೊಡುವುದು 20 ವೋಲ್ಟಿನಲ್ಲಿ, 5 ವೋಲ್ಟಿಗೆ ಸಾಮಾನ್ಯವಾಗಿ 3 ಆಂಪ್‌ಗೇ ನಿಲ್ಲುತ್ತವೆ. 3 ಆಂಪ್‌ನಲ್ಲೂ ಪೈ 5 ಓಡುತ್ತದೆ. ಆದರೆ ಯುಎಸ್‌ಬಿ ಪೋರ್ಟುಗಳಿಗೆ ಒಟ್ಟು 600 ಮಿಲಿಆಂಪ್ ಮಾತ್ರ ಬಿಡುತ್ತದೆ. 5 ಆಂಪ್ ಅಡಾಪ್ಟರ್ ಸಿಕ್ಕರೆ 1.6 ಆಂಪ್. ಎಸ್‌ಎಸ್‌ಡಿ ಹಚ್ಚುವುದಿದ್ದರೆ ಈ ವ್ಯತ್ಯಾಸವೇ ಎಲ್ಲ.

ಪೈ 4ರ ಮೊದಲ ತಂಡದ ಬೋರ್ಡುಗಳಲ್ಲಿ ಯುಎಸ್‌ಬಿ-ಸಿ ಜಾಗದ ವಿನ್ಯಾಸದಲ್ಲೇ ತಪ್ಪಿತ್ತು. ಒಳಗೆ ಚಿಪ್ ಇರುವ ದುಬಾರಿ ಕೇಬಲ್ ಹಚ್ಚಿದರೆ ಚಾರ್ಜರ್ ಅದನ್ನು ಹೆಡ್‌ಫೋನ್ ಅಡಾಪ್ಟರ್ ಎಂದು ತಿಳಿದು ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ಯಾರದೋ ಹಳೆಯ ಬೋರ್ಡು ತಂದಿದ್ದು ದೀಪವೇ ಹತ್ತುತ್ತಿಲ್ಲವೆಂದರೆ ಸಾದಾ ಕೇಬಲ್ ಹಾಕಿ ನೋಡಿ.

ಹಳೇಕೀಲಿಮಣೆ

ಕಾರ್ಡಿನ ವಿಷಯ ನಾನು ಬರೆಯುತ್ತೇನೆ.

32 ಜಿಬಿ ಸಾಕು. ಎ1 ಗುರುತು ಇರಲಿ. ಅದು ಚಿಕ್ಕ ಚಿಕ್ಕ ಓದು-ಬರಹಕ್ಕೆ ಕೊಟ್ಟಿರುವ ದರ್ಜೆ, ಆಪರೇಟಿಂಗ್ ಸಿಸ್ಟಮ್ ಓಡುವುದು ಅದರ ಮೇಲೇ. ಪೊಟ್ಟಣದ ಮೇಲೆ ದೊಡ್ಡದಾಗಿ ಬರೆಯುವ ಸೆಕೆಂಡಿಗೆ ಇಷ್ಟು ಎಂಬಿ ಎಂಬ ವೇಗ ಕ್ಯಾಮೆರಾಗೆ ಮುಖ್ಯ, ಇಲ್ಲಿ ಅಷ್ಟಾಗಿ ಅಲ್ಲ.

ನಕಲಿ ಕಾರ್ಡು ಬಹಳ. 128 ಜಿಬಿ ಎಂದು ತೋರಿಸಿ ಒಳಗೆ 8 ಇರುತ್ತದೆ. ಮೊದಲ ಕೆಲವು ದಿನ ಏನೂ ಗೊತ್ತಾಗುವುದಿಲ್ಲ. ಇರುವ ಜಾಗ ತುಂಬಿದ ಮೇಲೆ ಹೊಸ ಮಾಹಿತಿ ಹಳೆಯದರ ಮೇಲೆ ಬರೆದುಕೊಳ್ಳುತ್ತದೆ, ಒಂದು ದಿನ ಬೂಟ್ ಆಗುವುದಿಲ್ಲ. ತಂದ ಕೂಡಲೇ ಪರೀಕ್ಷಿಸಿ: ಲಿನಕ್ಸ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ. ಎರಡೂ ಕಾರ್ಡನ್ನು ಪೂರ್ತಿ ತುಂಬಿಸಿ, ಮತ್ತೆ ಓದಿ, ಹೊಂದಿಸಿ ನೋಡುತ್ತವೆ. ಹೊತ್ತು ಹಿಡಿಯುತ್ತದೆ, ಆದರೂ ತಪ್ಪಿಸಬೇಡಿ.

ಕಾರ್ಡಿಗೆ ಸಿಸ್ಟಮ್ ಬರೆಯಲು ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶ ಬಳಸಿ. ಮೊದಲು ನಿಮ್ಮ ಮಾದರಿ, ಆಮೇಲೆ ಸಿಸ್ಟಮ್, ಆಮೇಲೆ ಕಾರ್ಡು ಆರಿಸಿ. ಕಾರ್ಡು ಆರಿಸುವಾಗ ಗಾತ್ರ ಓದಿ ಖಚಿತ ಮಾಡಿಕೊಳ್ಳಿ. ಪಕ್ಕದಲ್ಲಿ ಹಚ್ಚಿದ್ದ ಪೆನ್‌ಡ್ರೈವ್ ಆರಿಸಿದರೆ ಅದರಲ್ಲಿದ್ದುದೆಲ್ಲ ಅಳಿಯುತ್ತದೆ.

ಸಿಸ್ಟಮ್ ಯಾವುದು? ಮಾನಿಟರ್ ಇದ್ದರೆ 64 ಬಿಟ್‌ನ ಡೆಸ್ಕ್‌ಟಾಪ್ ಆವೃತ್ತಿ, ಮೂಲೆಯಲ್ಲಿಟ್ಟು ಮರೆಯುವುದಾದರೆ ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿ. ಹಳೆಯ ಝೀರೋ, ಝೀರೋ ಡಬ್ಲ್ಯೂ, ಮೊದಲ ಪೈ ಇವುಗಳಿಗೆ 32 ಬಿಟ್ ಮಾತ್ರ. 64 ಬಿಟ್ ಬರೆದರೆ ಬೂಟ್ ಆಗುವುದೇ ಇಲ್ಲ.

ಬರೆಯುವ ಮುಂಚೆ ಇಮೇಜರ್ ಸೆಟ್ಟಿಂಗ್ಸ್ ಕೇಳುತ್ತದೆ. ಅಲ್ಲೇ ಹೋಸ್ಟ್‌ಹೆಸರು (ಜಾಲದಲ್ಲಿ ಪೈಯ ಹೆಸರು), ಬಳಕೆದಾರ ಹೆಸರು, ಪಾಸ್‌ವರ್ಡ್, ವೈಫೈ ಹೆಸರು ಮತ್ತು ಗುಪ್ತಪದ, ವೈಫೈ ದೇಶ, ಕೀಬೋರ್ಡ್ ಎಲ್ಲ ತುಂಬಿ. ಬೇರೆ ಕಂಪ್ಯೂಟರಿನಿಂದ ಪೈ ಒಳಗೆ ಹೋಗಲು ಬೇಕಾದ ಎಸ್‌ಎಸ್‌ಎಚ್ ಅನ್ನೂ ಚಾಲೂ ಮಾಡಿ. ವೈಫೈ ದೇಶ ಖಾಲಿ ಬಿಟ್ಟರೆ ವೈಫೈ ತಡೆದೇ ಇರುತ್ತದೆ. ಬರೆದ ನಂತರ ಬರುವ ಪರಿಶೀಲನೆಯ ಹಂತವನ್ನು ದಾಟಿಸಬೇಡಿ. ಕೆಟ್ಟ ಕಾರ್ಡು ಸಿಕ್ಕಿಬೀಳುವುದು ಅಲ್ಲೇ.

ಇನ್ನೊಂದು ಮುಖ್ಯ ವಿಷಯ. ಬರೆದ ಕಾರ್ಡನ್ನು ವಿಂಡೋಸ್‌ಗೆ ಮತ್ತೆ ಹಾಕಿದರೆ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು" ಎಂಬ ಕಿಟಕಿ ತೆರೆಯಬಹುದು. ಬೇಡ ಎನ್ನಿ. ಕಾರ್ಡಿನ ಎರಡನೆಯ ಭಾಗ ಇಎಕ್ಸ್‌ಟಿ4, ವಿಂಡೋಸ್ ಅದನ್ನು ಓದಲಾರದು, ಅದಕ್ಕೆ ಹಾಗೆ ಕೇಳುತ್ತದೆ. ಹೌದು ಎಂದರೆ ಮಾಡಿದ್ದೆಲ್ಲ ಹೋಯಿತು.

ಮೊದಲಹೆಜ್ಜೆ

ಒಂದು ಪಾಠದಲ್ಲಿ ಬಳಕೆದಾರ ಹೆಸರು ಪೈ, ಪಾಸ್‌ವರ್ಡ್ ರಾಸ್ಪ್‌ಬೆರಿ ಎಂದಿದೆ. ಎಷ್ಟು ಸಲ ಕೊಟ್ಟರೂ ಒಳಗೆ ಬಿಡುತ್ತಿಲ್ಲ.

ಹಳೇಕೀಲಿಮಣೆ

ಅದು ಹಳೆಯ ಪಾಠ. 2022ರ ಏಪ್ರಿಲ್‌ನಿಂದ ಆ ಸಿದ್ಧ ಖಾತೆಯನ್ನು ತೆಗೆದುಹಾಕಿದ್ದಾರೆ. ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್ ಇರುವ ಯಂತ್ರಗಳನ್ನು ಹುಡುಕುವ ದುಷ್ಟ ತಂತ್ರಾಂಶಗಳಿಗೆ ಅದು ತೆರೆದ ಬಾಗಿಲಾಗಿತ್ತು. ಇಮೇಜರ್‌ನಲ್ಲಿ ನೀವೇ ಹೆಸರು ಕೊಟ್ಟು ಕಾರ್ಡನ್ನು ಮತ್ತೆ ಬರೆಯಿರಿ.

ಹಳೆಯ ಪಾಠಗಳಲ್ಲಿ ಎಡವಿಸುವುದು ಇನ್ನೂ ಎರಡು ಇವೆ. 2023ರ ಅಕ್ಟೋಬರ್‌ನಲ್ಲಿ ಬಂದ ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದ ಕಾನ್ಫಿಗ್.ಟಿಎಕ್ಸ್‌ಟಿ ಮತ್ತು ಸಿಎಂಡಿಲೈನ್.ಟಿಎಕ್ಸ್‌ಟಿ ಕಡತಗಳ ಜಾಗ ಬದಲಾಗಿದೆ, ಈಗ ಅವು ಬೂಟ್ ಒಳಗಿನ ಫರ್ಮ್‌ವೇರ್ ಕೋಶದಲ್ಲಿವೆ. ಜಾಲದ ಸಂಪರ್ಕ ನೋಡಿಕೊಳ್ಳುವುದು ನೆಟ್‌ವರ್ಕ್‌ಮ್ಯಾನೇಜರ್. ಡಿಎಚ್‌ಸಿಪಿಸಿಡಿ.ಕಾನ್ಫ್ ತಿದ್ದಿ ಎಂದು ಹೇಳುವ ಪಾಠ ಕಂಡರೆ ಅಲ್ಲೇ ಮುಚ್ಚಿಡಿ.

ಕಪ್ಪುಪರದೆ

ಮಾನಿಟರ್ ಇಲ್ಲದೆ ಶುರು ಮಾಡುವುದು ನನ್ನ ಪ್ರಕಾರ ಹೆಚ್ಚು ಸುಲಭ. ಕಾರ್ಡು ಹಾಕಿ, ವಿದ್ಯುತ್ತು ಕೊಟ್ಟು, ಮೂರು ನಾಲ್ಕು ನಿಮಿಷ ಸುಮ್ಮನೆ ಬಿಡಿ. ಮೊದಲ ಸಲ ಅದು ಕಾರ್ಡಿನ ಪೂರ್ತಿ ಜಾಗಕ್ಕೆ ಹಿಗ್ಗಿಕೊಳ್ಳಬೇಕು, ಒಮ್ಮೆ ತಾನೇ ರೀಸ್ಟಾರ್ಟ್ ಆಗಬೇಕು. ಈ ನಡುವೆ ಅವಸರಪಟ್ಟು ವಿದ್ಯುತ್ತು ಕಿತ್ತರೆ ಕಾರ್ಡು ಮತ್ತೆ ಬರೆಯಬೇಕಾದೀತು.

ಆಮೇಲೆ ನಿಮ್ಮ ಕಂಪ್ಯೂಟರಿನ ಟರ್ಮಿನಲ್ಲಿನಿಂದ ಎಸ್‌ಎಸ್‌ಎಚ್ ಎಂದು ಹೊಡೆದು, ನೀವು ಕೊಟ್ಟ ಬಳಕೆದಾರ ಹೆಸರು, ಅಟ್ ಚಿಹ್ನೆ, ಹೋಸ್ಟ್‌ಹೆಸರು, ಅದಕ್ಕೆ ಅಂಟಿದಂತೆ ಡಾಟ್ ಲೋಕಲ್ ಬರೆಯಿರಿ. ಪಾಸ್‌ವರ್ಡ್ ಹೊಡೆಯುವಾಗ ಪರದೆಯ ಮೇಲೆ ಚುಕ್ಕಿಯೂ ಕಾಣುವುದಿಲ್ಲ, ಅದು ಸಹಜ. ಹೆಸರು ಸಿಗಲಿಲ್ಲವೆಂದರೆ ರೂಟರ್ ಪುಟದಲ್ಲಿ ಹಚ್ಚಿಕೊಂಡಿರುವ ಸಾಧನಗಳ ಪಟ್ಟಿ ನೋಡಿ ಐಪಿ ಸಂಖ್ಯೆ ಹಿಡಿಯಿರಿ. ಪಟ್ಟಿಯಲ್ಲೇ ಇಲ್ಲವೆಂದರೆ ವೈಫೈ ಗುಪ್ತಪದ ತಪ್ಪಿದೆ ಅಥವಾ ಝೀರೋ 2 ಡಬ್ಲ್ಯೂಗೆ 5 ಗಿಗಾಹರ್ಟ್ಸ್ ಜಾಲದ ಹೆಸರು ಕೊಟ್ಟಿದ್ದೀರಿ.

ಕಾರ್ಡು ಎರಡನೆಯ ಸಲ ಬರೆದ ಮೇಲೆ "ಹೋಸ್ಟಿನ ಗುರುತು ಬದಲಾಗಿದೆ, ಯಾರೋ ನಡುವೆ ಕೂತಿರಬಹುದು" ಎಂಬ ದೊಡ್ಡ ಎಚ್ಚರಿಕೆ ಬರುತ್ತದೆ. ಹೊಸ ಕಾರ್ಡಿಗೆ ಹೊಸ ಕೀಲಿ ಹುಟ್ಟಿದೆ, ಅಷ್ಟೆ. ಎಸ್‌ಎಸ್‌ಎಚ್-ಕೀಜೆನ್ ಆದೇಶಕ್ಕೆ ದೊಡ್ಡಕ್ಷರದ ಆರ್ ಸೂಚನೆ ಮತ್ತು ಹೋಸ್ಟ್‌ಹೆಸರು ಕೊಟ್ಟರೆ ಹಳೆಯದು ಅಳಿಯುತ್ತದೆ.

ಒಳಗೆ ಹೋದ ತಕ್ಷಣ ತಂತ್ರಾಂಶಗಳನ್ನು ಹೊಸದಾಗಿಸಲು ಮಾಡಬೇಕಾದದ್ದು ಸುಡೋ ಆಪ್ಟ್ ಅಪ್‌ಡೇಟ್, ನಂತರ ಸುಡೋ ಆಪ್ಟ್ ಫುಲ್-ಅಪ್‌ಗ್ರೇಡ್. ರೂಟರಿನಲ್ಲಿ ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟನ್ನು ಹೊರಜಗತ್ತಿಗೆ ತೆರೆಯಬೇಡಿ. ಹೊರಗಿನಿಂದ ಮನೆಯ ಪೈ ಮುಟ್ಟಲೇಬೇಕೆಂದರೆ ವಯರ್‌ಗಾರ್ಡ್ ಎಂಬ ವಿಪಿಎನ್ ಹಾಕಿಕೊಳ್ಳಿ.

ಮೊದಲಹೆಜ್ಜೆ

ಧನ್ಯವಾದ, ಮತ್ತೆ ಬರೆದೆ. ಈಗ ಹಸಿರು ದೀಪ ನಾಲ್ಕು ಸಲ ಮಿನುಗಿ, ಸ್ವಲ್ಪ ನಿಂತು, ಮತ್ತೆ ನಾಲ್ಕು ಸಲ ಮಿನುಗುತ್ತದೆ. ಪರದೆ ಖಾಲಿ. ಬೋರ್ಡು ಪೈ 3.

ಬೆಸುಗೆ

ಆ ಎಣಿಕೆಗೆ ಅರ್ಥವಿದೆ. ನಾಲ್ಕು ಸಲ ಎಂದರೆ ಸ್ಟಾರ್ಟ್.ಇಎಲ್‌ಎಫ್ ಎಂಬ ಫರ್ಮ್‌ವೇರ್ ಕಡತ ಸಿಗಲಿಲ್ಲ. ಏಳು ಸಲ ಎಂದರೆ ಕರ್ನಲ್ ಸಿಗಲಿಲ್ಲ. ಎರಡಕ್ಕೂ ಕಾರಣ ಸಾಮಾನ್ಯವಾಗಿ ಬರವಣಿಗೆ ಅರ್ಧಕ್ಕೆ ನಿಂತಿದ್ದು, ಅಥವಾ ಇಮೇಜರ್‌ನಲ್ಲಿ ಮಾದರಿ ತಪ್ಪಾಗಿ ಆರಿಸಿದ್ದು. ಬೇರೆ ಕಾರ್ಡ್ ರೀಡರಿನಲ್ಲಿ, ಮಾದರಿ ಸರಿಯಾಗಿ ಆರಿಸಿ ಮತ್ತೆ ಬರೆಯಿರಿ. ಎಂಟು ಸಲ ಮಿನುಗಿದರೆ ಮಾತ್ರ ಅದು ಬೋರ್ಡಿನ ಮೆಮೊರಿಯ ತೊಂದರೆ.

ಕೆಂಪು ದೀಪ ಮಾತ್ರ ಇದ್ದು ಹಸಿರು ಒಮ್ಮೆಯೂ ಮಿನುಗದಿದ್ದರೆ ಬೋರ್ಡು ಕಾರ್ಡನ್ನೇ ಕಂಡಿಲ್ಲ. ಕಾರ್ಡು ಪೂರ್ತಿ ಒಳಗೆ ಕೂತಿದೆಯೇ ನೋಡಿ. ಪೈ 4ರಲ್ಲಾದರೆ ಬೂಟ್‌ಲೋಡರ್ (ಬೂಟ್ ಶುರು ಮಾಡಿಸುವ ತಂತ್ರಾಂಶ) ಇರುವುದು ಬೋರ್ಡಿನ ಮೇಲಿನ ಚಿಪ್ಪಿನಲ್ಲಿ. ಅದು ಕೆಟ್ಟಿರಬಹುದೆನಿಸಿದರೆ ಇಮೇಜರ್‌ನ ಉಪಯುಕ್ತತೆಗಳ ವಿಭಾಗದಲ್ಲಿ ಬೂಟ್‌ಲೋಡರ್ ಇಮೇಜ್ ಸಿಗುತ್ತದೆ. ಅದನ್ನು ಖಾಲಿ ಕಾರ್ಡಿಗೆ ಬರೆದು ಒಮ್ಮೆ ಬೂಟ್ ಮಾಡಿ. ಹಸಿರು ದೀಪ ಒಂದೇ ಸಮನೆ ಬೇಗಬೇಗ ಮಿನುಗಿದರೆ ದುರಸ್ತಿಯಾಯಿತು.

ಬೂಟ್ ಆಗುತ್ತಿದ್ದೂ ಪರದೆ ಖಾಲಿಯೆಂದರೆ, ಪೈ 4 ಮತ್ತು 5ರ ಎರಡು ಎಚ್‌ಡಿಎಂಐಗಳಲ್ಲಿ ಪವರ್ ಜಾಗಕ್ಕೆ ಹತ್ತಿರದ್ದಕ್ಕೆ ಹಚ್ಚಿ. ಮಾನಿಟರ್ ಮೊದಲು ಆನ್, ಪೈ ಆಮೇಲೆ.

ಮೊದಲಹೆಜ್ಜೆ

ಮಾದರಿ ಪೈ 5 ಎಂದು ಆರಿಸಿದ್ದೆ. ಸರಿಮಾಡಿ ಬರೆದ ಮೇಲೆ ಡೆಸ್ಕ್‌ಟಾಪ್ ಬಂತು. ಆದರೆ ಕನ್ನಡ ಪುಟಗಳಲ್ಲಿ ಅಕ್ಷರದ ಬದಲು ಚೌಕಗಳು.

ಹಳೇಕೀಲಿಮಣೆ

ಅಕ್ಷರಶೈಲಿ ಇಲ್ಲ, ಅಷ್ಟೇ. ಮೆನುವಿನ ತಂತ್ರಾಂಶ ಸೇರಿಸುವ ಕಿಟಕಿಯಲ್ಲಿ ಕನ್ನಡ ಎಂದು ಇಂಗ್ಲಿಷಿನಲ್ಲಿ ಹುಡುಕಿ. ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಸಿಗುತ್ತವೆ. ಹಾಕಿ ಬ್ರೌಸರ್ ಮುಚ್ಚಿ ತೆರೆಯಿರಿ. ಟೈಪ್ ಮಾಡಲು ಐಬಸ್ ಜೊತೆ ಎಂ17ಎನ್ ಹಾಕಿದರೆ ಕೆಜಿಪಿ ವಿನ್ಯಾಸವೂ ಇನ್‌ಸ್ಕ್ರಿಪ್ಟೂ ಇವೆ.

ರೋಧಕ330

ಎಲ್ಲರೂ ಸಾಫ್ಟ್‌ವೇರ್ ಮಾತಾಡುತ್ತಿದ್ದೀರಿ. ಈ ಬೋರ್ಡಿನ ನಿಜವಾದ ಸೊಗಸು ಆ 40 ಪಿನ್ನುಗಳಲ್ಲಿದೆ. ಬೋರ್ಡನ್ನು ಒಂದೇ ಕ್ಷಣದಲ್ಲಿ ಕೊಲ್ಲುವ ದಾರಿಯೂ ಅದೇ, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲ ನಿಯಮ: ಪಿನ್ನುಗಳ ಭಾಷೆ 3.3 ವೋಲ್ಟ್. 2 ಮತ್ತು 4ನೇ ಪಿನ್ನಿನಲ್ಲಿ 5 ವೋಲ್ಟ್ ಸಿಗುತ್ತದೆ, ಆದರೆ ಆ 5 ವೋಲ್ಟನ್ನು ಯಾವುದೇ ಜಿಪಿಐಒ (ಪ್ರೋಗ್ರಾಮಿನಿಂದ ಆಡಿಸುವ) ಪಿನ್ನಿಗೆ ಮುಟ್ಟಿಸಿದರೆ ಆ ಪಿನ್ನು, ಕೆಲವು ಸಲ ಇಡೀ ಪ್ರೊಸೆಸರು, ಸುಟ್ಟುಹೋಗುತ್ತದೆ. ತಂತಿ ಜೋಡಿಸುವಾಗ ವಿದ್ಯುತ್ತು ಕಿತ್ತಿಡಿ.

ಎರಡನೆಯದು ಎಣಿಕೆಯ ಗೊಂದಲ. ಪಿನ್ನಿನ ಜಾಗದ ಸಂಖ್ಯೆ ಬೇರೆ, ಜಿಪಿಐಒ ಸಂಖ್ಯೆ ಬೇರೆ. ಜಿಪಿಐಒ 17 ಇರುವುದು 11ನೇ ಜಾಗದಲ್ಲಿ. ಟರ್ಮಿನಲ್ಲಿನಲ್ಲಿ ಪಿನ್‌ಔಟ್ ಎಂದು ಕೊಟ್ಟರೆ ನಿಮ್ಮ ಬೋರ್ಡಿನ ನಕ್ಷೆಯೇ ಬರುತ್ತದೆ.

ಮೊದಲ ಪ್ರಯೋಗ ಎಲ್‌ಇಡಿ. ಬೇಕಾದ್ದು ಒಂದು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ತಂತಿ ಚುಚ್ಚುವ ಹಲಗೆ), ಒಂದು ಕೆಂಪು ಎಲ್‌ಇಡಿ, ಒಂದು 330 ಓಮ್ ರೆಸಿಸ್ಟರ್, ಎರಡು ಜಂಪರ್ ತಂತಿ. 11ನೇ ಪಿನ್ನಿನಿಂದ ರೆಸಿಸ್ಟರ್, ಅದರಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ 9ನೇ ಪಿನ್ನಿನ ಗ್ರೌಂಡ್. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ, ಉಳಿದ 1.3 ವೋಲ್ಟನ್ನು 330ರಿಂದ ಭಾಗಿಸಿದರೆ ಸುಮಾರು 4 ಮಿಲಿಆಂಪ್. ಪಿನ್ನಿಗೆ ಹಗುರ, ಕಣ್ಣಿಗೆ ಸಾಕು. ರೆಸಿಸ್ಟರ್ ಇಲ್ಲದೆಯೂ ಹತ್ತುತ್ತದಲ್ಲ ಎನ್ನುವವರಿದ್ದಾರೆ. ಹತ್ತುತ್ತದೆ, ಪಿನ್ನು ಮಾತ್ರ ತನ್ನ ಮಿತಿ ಮೀರಿ ದುಡಿಯುತ್ತಿರುತ್ತದೆ.

ಪೈಥಾನ್‌ನಲ್ಲಿ ಜಿಪಿಐಒಝೀರೋ ಲೈಬ್ರರಿ ಬಳಸಿ. ಎಲ್‌ಇಡಿ ವರ್ಗಕ್ಕೆ 17 ಕೊಟ್ಟು ಬ್ಲಿಂಕ್ ಎಂದು ಕರೆದರೆ ಮುಗಿಯಿತು. ಆದರೆ ಕೊನೆಯಲ್ಲಿ ಸಿಗ್ನಲ್ ಮಾಡ್ಯೂಲಿನ ಪಾಝ್ (pause) ಕರೆಯಲೇಬೇಕು. ಇಲ್ಲದಿದ್ದರೆ ಪ್ರೋಗ್ರಾಮ್ ಕ್ಷಣದಲ್ಲಿ ಮುಗಿದು, ಪಿನ್ನುಗಳನ್ನು ಬಿಡುಗಡೆ ಮಾಡಿ, ದೀಪ ಆರಿಸಿಬಿಡುತ್ತದೆ. "ಕೋಡು ಸರಿ, ದೀಪ ಹತ್ತುತ್ತಿಲ್ಲ" ಎಂಬ ಪ್ರಶ್ನೆಗೆ ಬಹುಪಾಲು ಇದೇ ಉತ್ತರ.

ಎರಡನೆಯ ಪ್ರಯೋಗಕ್ಕೆ ಡಿಎಸ್18ಬಿ20 ತಾಪಮಾನ ಸೆನ್ಸರ್ ಒಳ್ಳೆಯದು. ಮಾಹಿತಿಯ ತಂತಿ 7ನೇ ಪಿನ್ನಿಗೆ, ಅಂದರೆ ಜಿಪಿಐಒ 4ಕ್ಕೆ. ವಿದ್ಯುತ್ತು 1ನೇ ಪಿನ್ನಿನ 3.3 ವೋಲ್ಟಿನಿಂದ, ಗ್ರೌಂಡ್ ಗ್ರೌಂಡಿಗೆ. ಮಾಹಿತಿಯ ತಂತಿಗೂ 3.3 ವೋಲ್ಟಿಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಕಡ್ಡಾಯ. ಪೈಯ ಸೆಟ್ಟಿಂಗ್ಸ್ ಬದಲಿಸುವ ರಾಸ್ಪಿ-ಕಾನ್ಫಿಗ್‌ನ ಇಂಟರ್‌ಫೇಸ್ ಆಯ್ಕೆಯಲ್ಲಿ 1-ವಯರ್ ಚಾಲೂ ಮಾಡಿ ರೀಬೂಟ್ ಮಾಡಿ. ಸಾಧನಗಳ ಕೋಶದಲ್ಲಿ (/sys/bus/w1/devices) 28ರಿಂದ ಶುರುವಾಗುವ ಹೆಸರೊಂದು ಕಾಣಬೇಕು. ಅದರಲ್ಲಿ 23125 ಎಂದಿದ್ದರೆ 23.125 ಡಿಗ್ರಿ. ಏನೂ ಕಾಣದಿದ್ದರೆ ಆ ರೆಸಿಸ್ಟರ್ ನೋಡಿ. ಸದಾ ಸರಿಯಾಗಿ 85 ಡಿಗ್ರಿ ಎಂದು ತೋರಿದರೆ ಅದು ಅಳತೆಯಲ್ಲ, ಸೆನ್ಸರ್ ಎಚ್ಚರವಾದಾಗ ಇಟ್ಟುಕೊಳ್ಳುವ ಆರಂಭದ ಬೆಲೆ. ಅದಕ್ಕೆ ವಿದ್ಯುತ್ತು ಕಡಿದು ಕಡಿದು ಬರುತ್ತಿದೆ ಎಂದರ್ಥ.

ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಬಗ್ಗೆ ಎಚ್ಚರ. ಅದರ ಎಕೋ ಪಿನ್ನು 5 ವೋಲ್ಟ್ ಉಗುಳುತ್ತದೆ. ಎಕೋದಿಂದ 1 ಕಿಲೋಓಮ್, ಅಲ್ಲಿಂದ ಗ್ರೌಂಡಿಗೆ 2 ಕಿಲೋಓಮ್ ಇಟ್ಟು, ನಡುವಿನ ಬಿಂದುವನ್ನು ಪೈಗೆ ಕೊಡಿ. ಐದರ ಮೂರನೇ ಎರಡು ಪಾಲು, 3.33 ವೋಲ್ಟ್ ಸಿಗುತ್ತದೆ.

ಮೋಟಾರನ್ನು ಪಿನ್ನಿಗೆ ನೇರ ಹಚ್ಚಬೇಡಿ. ನಡುವೆ ಡ್ರೈವರ್ ಬೋರ್ಡೋ ಟ್ರಾನ್ಸಿಸ್ಟರೋ ಇರಲಿ. ಬರೀ ಟ್ರಾನ್ಸಿಸ್ಟರ್ ಆದರೆ ಮೋಟಾರಿಗೆ ಅಡ್ಡಲಾಗಿ ಉಲ್ಟಾ ದಿಕ್ಕಿನಲ್ಲಿ 1ಎನ್4007 ಡಯೋಡ್ ಇರಬೇಕು. ಮೋಟಾರ್ ನಿಂತಾಗ ಹಿಂದಕ್ಕೆ ಒದೆಯುವ ವೋಲ್ಟೇಜನ್ನು ಅದು ನುಂಗುತ್ತದೆ. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ರಿಲೇಯಿಂದ ಆಡಿಸುವುದು ಮೊದಲ ವರ್ಷದ ಕೆಲಸವಲ್ಲ. ದಯವಿಟ್ಟು ದೂರವಿರಿ.

ಪೈನಲ್ಲಿ ಅನಲಾಗ್ ಇನ್‌ಪುಟ್ ಇಲ್ಲವೇ ಇಲ್ಲ. ಮಣ್ಣಿನ ತೇವ, ಪೊಟೆನ್ಶಿಯೋಮೀಟರ್ ಮುಂತಾದವನ್ನು ಓದಬೇಕೆಂದರೆ ಎಂಸಿಪಿ3008 ಚಿಪ್ ಸೇರಿಸಬೇಕು.

ಮೊದಲಹೆಜ್ಜೆ

ಪೈಥಾನ್ ಲೈಬ್ರರಿ ಹಾಕುವ ಪಿಪ್‌ನಿಂದ ಒಂದು ಲೈಬ್ರರಿ ಹಾಕಲು ಹೋದರೆ, ಇದು ಹೊರಗಿನಿಂದ ನಿರ್ವಹಿಸುವ ಪರಿಸರ ಎಂದು ನಿರಾಕರಿಸುತ್ತಿದೆ.

ಕಪ್ಪುಪರದೆ

ಬುಕ್‌ವರ್ಮ್‌ನಿಂದ ಹಾಗೆ. ಸಿಸ್ಟಮ್ಮಿನ ಪೈಥಾನನ್ನು ಪಿಪ್ ಕೆಡಿಸದಿರಲಿ ಎಂದು ಆ ತಡೆ. ಮೊದಲು ಆಪ್ಟ್‌ನಲ್ಲಿ ಪೈಥಾನ್3 ಎಂದು ಶುರುವಾಗುವ ಹೆಸರಿನಲ್ಲಿ ಅದೇ ಲೈಬ್ರರಿ ಇದೆಯೇ ಹುಡುಕಿ. ಇಲ್ಲವಾದರೆ ನಿಮ್ಮ ಕೋಶದಲ್ಲಿ ವಿಎನ್ವಿ (venv, ಪ್ರತ್ಯೇಕ ಪೈಥಾನ್ ಪರಿಸರ) ಮಾಡಿಕೊಂಡು ಅದರೊಳಗೆ ಪಿಪ್ ಓಡಿಸಿ. ವಿಎನ್ವಿ ಮಾಡುವಾಗ ಸಿಸ್ಟಮ್-ಸೈಟ್-ಪ್ಯಾಕೇಜಸ್ ಸೂಚನೆ ಸೇರಿಸಿದರೆ ಆಗಲೇ ಇರುವ ಜಿಪಿಐಒಝೀರೋ ಒಳಗೂ ಕಾಣುತ್ತದೆ. ಬ್ರೇಕ್-ಸಿಸ್ಟಮ್-ಪ್ಯಾಕೇಜಸ್ ಎಂಬ ಸೂಚನೆ ಕೊಟ್ಟು ತಡೆ ಮುರಿಯಿರಿ ಎನ್ನುವವರ ಮಾತು ಕೇಳಬೇಡಿ.

ಪೈ 5ರಲ್ಲಿ ಹಳೆಯ ಆರ್‌ಪಿಐ.ಜಿಪಿಐಒ ಲೈಬ್ರರಿ ನಡೆಯುವುದಿಲ್ಲ. ಅಲ್ಲಿ ಪಿನ್ನುಗಳನ್ನು ನೋಡಿಕೊಳ್ಳುವುದು ಆರ್‌ಪಿ1 ಎಂಬ ಬೇರೆಯೇ ಚಿಪ್ಪು.

ಬೆಸುಗೆ

ಬೋರ್ಡು ಬಿಸಿಯಾಗುವ ಬಗ್ಗೆ ಎರಡು ಸಾಲು. 80 ಡಿಗ್ರಿ ದಾಟಿದರೆ ಪೈ 4 ಮತ್ತು 5 ವೇಗ ಇಳಿಸಲು ಶುರು ಮಾಡುತ್ತವೆ, 85ಕ್ಕೆ ಇನ್ನೂ ಇಳಿಸುತ್ತವೆ. ಸುಡುವುದಿಲ್ಲ, ನಿಧಾನವಾಗುತ್ತದೆ. ಪೈ 4ಕ್ಕೆ ಅಂಟಿಸುವ ಹೀಟ್‌ಸಿಂಕ್ ಮತ್ತು ತೂತಿರುವ ಪೆಟ್ಟಿಗೆ ಸಾಕು, ಪೈ 5ಕ್ಕೆ ಫ್ಯಾನ್ ಇರುವ ಕೂಲರ್ ಹಾಕಿ. ವಿಸಿಜೆನ್‌ಸಿಎಂಡಿ ಮೆಷರ್_ಟೆಂಪ್ ಈಗಿನ ಡಿಗ್ರಿ ಹೇಳುತ್ತದೆ.

ಕಪ್ಪುಪರದೆ

ಮನೆಯಲ್ಲಿ ಮೊದಲ ಕೆಲಸವಾಗಿ ಪೈ-ಹೋಲ್ ಹಾಕಿ ಎನ್ನುತ್ತೇನೆ. ಮನೆಯ ಎಲ್ಲ ಸಾಧನಗಳ ಡಿಎನ್‌ಎಸ್ (ತಾಣದ ಹೆಸರಿನಿಂದ ಐಪಿ ಕೇಳುವ) ಪ್ರಶ್ನೆಗೆ ಅದು ಉತ್ತರಿಸಿ, ಜಾಹೀರಾತು ವಿಳಾಸಗಳನ್ನು ಅಲ್ಲೇ ತಡೆಯುತ್ತದೆ. 512 ಎಂಬಿ ರ‍್ಯಾಮ್ ಧಾರಾಳ. ರೂಟರಿನಲ್ಲಿ ಪೈಗೆ ಒಂದೇ ಐಪಿ ಕಾಯ್ದಿರಿಸಿ, ಆ ಐಪಿಯನ್ನು ಡಿಎಚ್‌ಸಿಪಿಯ (ಸಾಧನಗಳಿಗೆ ಐಪಿ ಹಂಚುವ ವ್ಯವಸ್ಥೆಯ) ಡಿಎನ್‌ಎಸ್ ಜಾಗದಲ್ಲಿ ಬರೆಯಿರಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಎರಡನೆಯ ಡಿಎನ್‌ಎಸ್ ಜಾಗದಲ್ಲಿ "ಭದ್ರತೆಗೆ ಇರಲಿ" ಎಂದು ಸಾರ್ವಜನಿಕ ವಿಳಾಸ ಬರೆಯುವುದು. ಅದು ಪೈ ಕೆಟ್ಟಾಗ ಮಾತ್ರ ಬಳಕೆಯಾಗುತ್ತದೆ ಎಂದು ನಂಬಬೇಡಿ. ಫೋನುಗಳು ಎರಡನ್ನೂ ಮನಬಂದಂತೆ ಕೇಳುತ್ತವೆ, ಜಾಹೀರಾತು ಸೋರುತ್ತದೆ. ಐಪಿವಿ6 ಚಾಲೂ ಇದ್ದರೆ ಅದರ ಡಿಎನ್‌ಎಸ್ ಕೂಡ ನೋಡಿ.

ಜೆಲ್ಲಿಫಿನ್ ಹಾಕಿ ಚಲನಚಿತ್ರ ಸರ್ವರ್ ಮಾಡಬೇಕೆನ್ನುವವರಿಗೆ: ಟಿವಿಗೆ ನೇರ ಓದಲು ಬರುವ ಕಡತವಾದರೆ ಪೈ 4 ಸಲೀಸು. ಕಳಿಸುತ್ತಲೇ ಕಡತದ ರೂಪ ಬದಲಿಸಬೇಕಾದರೆ ಸೋಲುತ್ತದೆ. ಪೈ 5 ಹೊಸದಾದರೂ ಇದಕ್ಕೆ ಉತ್ತಮವಲ್ಲ. ಅದರಲ್ಲಿ ಎಚ್.264 ಎಂಬ ವಿಡಿಯೊ ರೂಪಕ್ಕೆ ಯಂತ್ರಾಂಶದ ಡೀಕೋಡರೂ ಇಲ್ಲ, ವಿಡಿಯೊ ಎನ್‌ಕೋಡರೂ ಇಲ್ಲ.

ಹಳೇಕೀಲಿಮಣೆ

ಪೈ-ಹೋಲ್ ಮೊದಲ ಕೆಲಸ ಎನ್ನುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಕಲಿಯುವವರು ಪೈಯನ್ನು ದಿನಕ್ಕೆ ಹತ್ತು ಸಲ ಆರಿಸಿ ಹತ್ತಿಸುತ್ತಾರೆ. ಆಗೆಲ್ಲ ಮನೆಮಂದಿಯ ಇಂಟರ್ನೆಟ್ ನಿಲ್ಲುತ್ತದೆ. ಮೊದಲು ಸಾಂಬಾ ಹಾಕಿ ಕಡತ ಹಂಚಿಕೊಳ್ಳಿ, ಕೈ ಪಳಗಿದ ಮೇಲೆ ಪೈ-ಹೋಲ್.

ಆರಿಸುವುದು ಎಂದೆ. ಸುಡೋ ಪವರ್‌ಆಫ್ ಕೊಟ್ಟು, ಹಸಿರು ದೀಪದ ಮಿನುಗು ಪೂರ್ತಿ ನಿಂತ ಮೇಲೆಯೇ ಪ್ಲಗ್ಗು ಕೀಳಿ. ಬರೆಯುತ್ತಿರುವಾಗ ಕಿತ್ತರೆ ಕಾರ್ಡಿನ ಕಡತವ್ಯವಸ್ಥೆ ಕೆಡುತ್ತದೆ. ವಿದ್ಯುತ್ತು ಆಗಾಗ ಹೋಗುವ ಜಾಗದಲ್ಲಿ ಒಂದೇ ಕೆಲಸಕ್ಕೆ ಇಟ್ಟ ಪೈ ಆದರೆ, ರಾಸ್ಪಿ-ಕಾನ್ಫಿಗ್‌ನ ಪರ್ಫಾಮೆನ್ಸ್ ವಿಭಾಗದಲ್ಲಿ ಓವರ್‌ಲೇ ಕಡತವ್ಯವಸ್ಥೆ ಚಾಲೂ ಮಾಡಿ. ಬರೆದದ್ದೆಲ್ಲ ರ‍್ಯಾಮ್‌ಗೆ ಹೋಗುತ್ತದೆ, ಕಾರ್ಡು ಮುಟ್ಟುವುದಿಲ್ಲ. ರೀಬೂಟ್ ಆದರೆ ಆ ಬದಲಾವಣೆಗಳು ಹೋಗುತ್ತವೆ ಅನ್ನುವುದು ನೆನಪಿರಲಿ.

ಎಲ್ಲ ಹೊಂದಿಸಿದ ದಿನವೇ ಎಸ್‌ಡಿ ಕಾರ್ಡ್ ಕಾಪಿಯರ್‌ನಿಂದ ಇನ್ನೊಂದು ಕಾರ್ಡಿಗೆ ನಕಲು ತೆಗೆದಿಡಿ.

ಪೈ 4ರವರೆಗಿನ ಬೋರ್ಡುಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಜಾಲ ಸಿಗದೆ ಬೂಟ್ ಆದರೆ ಸಮಯ ಹಿಂದೆ ಉಳಿಯುತ್ತದೆ, ಆಮೇಲೆ ಸುರಕ್ಷಿತ ತಾಣಗಳೆಲ್ಲ ಪ್ರಮಾಣಪತ್ರದ ದೋಷ ಹೇಳುತ್ತವೆ. ಮೊದಲು ಡೇಟ್ ಎಂದು ಹೊಡೆದು ನೋಡಿ. ಪೈ 5ರಲ್ಲಿ ಗಡಿಯಾರ ಇದೆ, ಆದರೆ ಅದರ ಬ್ಯಾಟರಿ ಬೇರೆ ಕೊಳ್ಳಬೇಕು.

ಮಿಣುಕುದೀಪ

ತಾಮ್ರತಂತಿಯವರೇ, ಹೇಳಿದಂತೆ ನೋಡಿದೆ. ಮೊದಲು 0ಎಕ್ಸ್50005 ಇತ್ತು. ಅಡಾಪ್ಟರ್ ಬದಲಿಸಿ, ಡಿಸ್ಕನ್ನು ಹಬ್ಬಿಗೆ ಹಚ್ಚಿ ರೀಬೂಟ್ ಮಾಡಿದ ಮೇಲೆ 0ಎಕ್ಸ್0. ಬೋರ್ಡು ಈಗ ರೀಸ್ಟಾರ್ಟ್ ಆಗುವುದಿಲ್ಲ. ಆದರೆ ದೊಡ್ಡ ಕಡತ ನಕಲು ಮಾಡುವಾಗ ಡಿಸ್ಕ್ ಇನ್ನೂ ಅರ್ಧ ನಿಮಿಷ ಸ್ತಬ್ಧವಾಗುತ್ತದೆ. ಡಿಮೆಸೇಜ್‌ನಲ್ಲಿ (dmesg, ಕರ್ನಲ್ ಬರೆದಿಡುವ ದಾಖಲೆ) ಯುಎಎಸ್ ಎಂದು ಶುರುವಾಗುವ ದೋಷಗಳ ಸಾಲು.

ತಾಮ್ರತಂತಿ

ವಿದ್ಯುತ್ತಿನ ತೊಂದರೆ ಮುಗಿಯಿತು, ಇದು ಬೇರೆಯದು. ಡಿಸ್ಕ್ ಪೆಟ್ಟಿಗೆಯೊಳಗಿನ ಸಾಟಾ ಪರಿವರ್ತಕ ಚಿಪ್ಪಿಗೆ ಯುಎಎಸ್ ಎಂಬ ವೇಗದ ಕ್ರಮ ಸರಿಯಾಗಿ ಬರುವುದಿಲ್ಲ. ಅದನ್ನು ಆ ಒಂದು ಸಾಧನಕ್ಕೆ ಮಾತ್ರ ನಿಲ್ಲಿಸಬಹುದು.

ಎಲ್‌ಎಸ್‌ಯುಎಸ್‌ಬಿ ಕೊಡಿ. ಡಿಸ್ಕಿನ ಸಾಲಿನಲ್ಲಿ ನಡುವೆ ಕೋಲನ್ ಇರುವ, ನಾಲ್ಕು ನಾಲ್ಕು ಅಂಕಿಗಳ ಗುರುತು ಇರುತ್ತದೆ, ಉದಾಹರಣೆಗೆ 152ಡಿ:0578. ಬೂಟ್/ಫರ್ಮ್‌ವೇರ್ ಕೋಶದ ಸಿಎಂಡಿಲೈನ್.ಟಿಎಕ್ಸ್‌ಟಿಯ ನಕಲು ತೆಗೆದಿಟ್ಟು, ಮೂಲ ತೆರೆಯಿರಿ. ಸಾಲಿನ ಆರಂಭದಲ್ಲಿ ಯುಎಸ್‌ಬಿ-ಸ್ಟೋರೇಜ್.ಕ್ವಿರ್ಕ್ಸ್=152ಡಿ:0578:ಯು ಎಂದು, ನಿಮ್ಮ ಸಂಖ್ಯೆ ಹಾಕಿ, ಕೊನೆಗೊಂದು ಖಾಲಿ ಜಾಗ ಬಿಟ್ಟು ಸೇರಿಸಿ. ಎಲ್ಲವೂ ಸಹಜವಾಗಿ ಇಂಗ್ಲಿಷ್ ಅಕ್ಷರದಲ್ಲಿ, ಕೊನೆಯ ಯು ಚಿಕ್ಕಕ್ಷರ. ಆ ಕಡತ ಪೂರ್ತಿ ಒಂದೇ ಸಾಲಾಗಿರಬೇಕು. ನಡುವೆ ಎಂಟರ್ ಒತ್ತಿದರೆ ಪೈ ಬೂಟ್ ಆಗುವುದಿಲ್ಲ.

ರೀಬೂಟ್ ಮಾಡಿ, ಎಲ್‌ಎಸ್‌ಯುಎಸ್‌ಬಿಗೆ ಟಿ ಸೂಚನೆ ಕೊಟ್ಟು (lsusb -t) ನೋಡಿ. ಡ್ರೈವರ್ ಯುಎಎಸ್ ಇದ್ದ ಕಡೆ ಯುಎಸ್‌ಬಿ-ಸ್ಟೋರೇಜ್ ಎಂದು ಬರಬೇಕು. ವೇಗ ಸ್ವಲ್ಪ ಇಳಿಯುತ್ತದೆ, ಮನೆಯ ಜಾಲದಲ್ಲಿ ಅದು ಗೊತ್ತಾಗದು.

ಮಿಣುಕುದೀಪ

ಯುಎಸ್‌ಬಿ-ಸ್ಟೋರೇಜ್ ಎಂದು ಬಂತು. 40 ಜಿಬಿ ನಕಲು ನಿಲ್ಲದೆ ಮುಗಿಯಿತು, ಡಿಮೆಸೇಜ್‌ನಲ್ಲಿ ಒಂದೂ ದೋಷವಿಲ್ಲ. ಗೆಟ್_ಥ್ರಾಟಲ್ಡ್ ಈಗಲೂ 0ಎಕ್ಸ್0.